ರಂಗೇಶ್ ಮೇಷ್ಟ್ರ ಹತ್ತೊಂಬತ್ತು ವೈಪ್‌ಔಟ್

ಹಿಮಾಲಯದಿಂದ ಹಿಂತಿರುಗಿ ಮಧುಗಿರಿ ಬಸ್ ನಿಲ್ದಾಣದಲ್ಲಿ ಕಾಲಿಟ್ಟ ಗಳಿಗೆಯಲ್ಲೇ ರಂಗೇಶ್ ಮೇಷ್ಟ್ರು ಒಂದು ಘೋರ ಪ್ರತಿಜ್ಞೆ ಮಾಡಿದರು. ಇನ್ನು ಮುಂದೆ ಈ ತಾಲ್ಲೂಕಿನಲ್ಲಿ ಒಬ್ಬನೇ ಒಬ್ಬ ನರಮನುಷ್ಯ ಸ್ಕೀಯಿಂಗಿನ ಭಾಷೆ ತಿಳಿಯದೆ ಬದುಕಬಾರದು! ಮಧುಗಿರಿಯಲ್ಲಿ ಹಿಮ ಬಿದ್ದದ್ದನ್ನು ಕಂಡವರಿಲ್ಲ. ಮಳೆಯೇ ನಾಲ್ಕು ಸಲ ಕರೆಸಿಕೊಂಡು ಒಂದು ಸಲ ಬಂದು ಹೋಗುವ ಊರು. ಆದರೆ ಪ್ರತಿಜ್ಞೆ ಮಾಡುವವರು ಹವಾಮಾನ ಇಲಾಖೆಯನ್ನು ಕೇಳಿ ಮಾಡುತ್ತಾರೆಯೇ?

ಮೇಷ್ಟ್ರು ದೊಡ್ಡೇರಿ ಕಡೆಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರು. ಖೋ ಖೋ, ಕಬಡ್ಡಿ, ಎಡಕ್ಕೆ ತಿರುಗು, ಬಲಕ್ಕೆ ತಿರುಗು ಇಷ್ಟರಲ್ಲೇ ಹನ್ನೆರಡು ವರ್ಷ ಸವೆಸಿದ್ದವರಿಗೆ ಹೋದ ತಿಂಗಳು ಅದೃಷ್ಟ ಬಾಗಿಲು ತಟ್ಟಿತು. ದೈಹಿಕ ಶಿಕ್ಷಕರಿಗೆ ಹಿಮದ ಬೆಟ್ಟದಲ್ಲಿ ಹದಿನಾಲ್ಕು ದಿನ ಸ್ಕೀಯಿಂಗ್ ಶಿಬಿರ! ಎಂದರೆ ಕಾಲಿಗೆ ಎರಡು ಉದ್ದನೆಯ ಹಲಗೆ ಬಿಗಿದುಕೊಂಡು ಹಿಮದ ಇಳಿಜಾರಿನಲ್ಲಿ ಜಾರುವುದು. ಈ ಕಡೆಯಿಂದ ಇಬ್ಬರನ್ನು ಆರಿಸಿದ್ದರು. ಕೊರಟಗೆರೆಯ ಮಾಸ್ತರು ಎರಡು ಸೀನು ಸೀನಿ, ನೆಗಡಿಯ ನೆಪ ಹೇಳಿ ಉಳಿದುಬಿಟ್ಟರು. ಹಾಗಾಗಿ ಹೋದವರು ರಂಗೇಶ್ ಒಬ್ಬರೇ. ಸಾಕ್ಷಿಯೇ ಇಲ್ಲದ ಶೌರ್ಯಕ್ಕೆ ಮಿತಿ ಎಲ್ಲಿಂದ ಬರಬೇಕು?

ಮೊದಲ ಪ್ರಯೋಗ ಮನೆಯಲ್ಲೇ ನಡೆಯಿತು. ಬೆಳಿಗ್ಗೆ ಅಂಗಳಕ್ಕೆ ಬಂದು, ಸೊಂಟದ ಮೇಲೆ ಕೈಯಿಟ್ಟು, ಮೋಡವಿಲ್ಲದ ಆಕಾಶ ನೋಡಿ, “ಆಹಾ! ಬ್ಲೂಬರ್ಡ್ ಡೇ!” ಎಂದು ಉದ್ಗರಿಸಿದರು. ರಾತ್ರಿಯೆಲ್ಲ ಹಿಮ ಸುರಿದು ಬೆಳಿಗ್ಗೆ ಆಕಾಶ ಶುಭ್ರವಾಗಿದ್ದರೆ ಸ್ಕೀಯವರು ಆ ದಿನವನ್ನು ಹಾಗೆನ್ನುತ್ತಾರೆ. ಮಧುಗಿರಿಯಲ್ಲಿ ವರ್ಷದ ಮುನ್ನೂರು ದಿನವೂ ಅಂಥದೇ ಆಕಾಶ. ಪಾಪ, ಅದಕ್ಕೊಂದು ಹೆಸರಿದೆಯೆಂದು ಯಾರಿಗೂ ಗೊತ್ತಿರಲಿಲ್ಲ.

“ಯಾವ ಡೇ ಆದ್ರೂ ಆಗ್ಲಿ, ಈ ಬಕೆಟ್ ಬಟ್ಟೆ ಮಹಡಿ ಮೇಲೆ ಹರವಿ ಬನ್ರೀ,” ಎಂದರು ಅವರ ಹೆಂಡತಿ ಅನುಷಾ. ಆಕೆ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆ. ದಿನವಿಡೀ ಅರ್ಜಿದಾರರ ಸುಳ್ಳು ಕೇಳಿ ಪಳಗಿದ ಕಿವಿ.

ಶಾಲೆಯಲ್ಲಿ ಮಾತ್ರ ಭಾಷೆ ಬೆಂಕಿಯಂತೆ ಹಬ್ಬಿತು. ಮಕ್ಕಳು ಓಡಿ ಬಂದು ನಿಲ್ಲಲಾರದೆ ಮುಗ್ಗರಿಸಿದರೆ, “ಫ್ರೆಂಚ್ ಫ್ರೈ ಸಾಕು, ಪಿಜ್ಜಾ ಮಾಡು, ಪಿಜ್ಜಾ!” ಎಂದು ಮೇಷ್ಟ್ರು ಕೂಗುತ್ತಿದ್ದರು. ಹಲಗೆಗಳನ್ನು ಸಮನಾಗಿ ಇಟ್ಟು ಜಾರಿದರೆ ಫ್ರೆಂಚ್ ಫ್ರೈ. ಮುಂದಿನ ತುದಿ ಕೂಡಿಸಿ, ಹಿಂದಿನ ತುದಿ ಅಗಲಿಸಿ ವೇಗ ತಗ್ಗಿಸಿದರೆ ಪಿಜ್ಜಾ. ಮಧ್ಯಾಹ್ನದ ಅನ್ನ ಸಾಂಬಾರಿಗೆ ಇನ್ನೂ ಒಂದು ಗಂಟೆ ಇರುವಾಗ ಈ ಕೂಗು ಕೇಳಿ ಮಕ್ಕಳು ಎಂಜಲು ನುಂಗುತ್ತಿದ್ದರು. ಕಬಡ್ಡಿಗೆ ಹೋಗುವ ಹುಡುಗಿಗೆ “ಶ್ರೆಡ್ ಮಾಡು!” ಎನ್ನುತ್ತಿದ್ದರು, ಎಂದರೆ ಹಿಮ ಸೀಳಿಕೊಂಡು ನುಗ್ಗು ಎಂದು. ಮೈದಾನದ ಧೂಳನ್ನು ತೋರಿಸಿ, “ಇದೇ ಹಿಮವಾಗಿದ್ದರೆ ಎಂಥಾ ಪೌಡರ್!” ಎಂದು ನಿಟ್ಟುಸಿರು ಬಿಡುತ್ತಿದ್ದರು. ಹೊಸದಾಗಿ ಬಿದ್ದ ಹಿಟ್ಟಿನಂಥ ಹಿಮಕ್ಕೆ ಸ್ಕೀಯವರು ಪೌಡರ್ ಎನ್ನುತ್ತಾರೆ.

ಯಾರೂ ಅರ್ಥ ಕೇಳಲಿಲ್ಲ. ಅದಕ್ಕೆ ಕಾರಣವಿದೆ. ಮೇಷ್ಟ್ರು ಎಲ್ಲಕ್ಕಿಂತ ಮೊದಲು ವಿವರಿಸಿದ್ದು ಒಂದೇ ಒಂದು ಪದವನ್ನು. “ಸ್ಕೀಯಿಂಗ್ ಬಗ್ಗೆ ಏನೂ ಗೊತ್ತಿಲ್ಲದೆ ಬಾಯಿ ಬಿಟ್ಟುಕೊಂಡು ನಿಂತಿರುತ್ತಾರಲ್ಲ, ಅವರನ್ನ ಗೇಪರ್ ಅಂತಾರೆ!” ಎಂದು ಸಿಬ್ಬಂದಿ ಕೊಠಡಿಯಲ್ಲೂ ಮೈದಾನದಲ್ಲೂ ಬಿಡಿಸಿ ಹೇಳಿ ನಕ್ಕಿದ್ದರು. ಆಮೇಲೆ ಬಾಯಿ ಬಿಡುವ ಧೈರ್ಯ ಯಾರಿಗಿದೆ? ಗಣಿತದ ಮೇಷ್ಟ್ರು ತಲೆಯಾಡಿಸಿದರು. ಹಿಂದಿ ಟೀಚರು ಕಣ್ಣರಳಿಸಿದರು. ಮುಖ್ಯೋಪಾಧ್ಯಾಯಿನಿ ಗಂಗಾಂಬಿಕಾ ಮೇಡಂ ಅಂತೂ, “ಹೌದೌದು, ಬ್ಲ್ಯಾಕ್ ಡೈಮಂಡ್ ಅಂದ್ರೆ ಸಾಮಾನ್ಯವೇ?” ಎಂದು ತಾವೇ ಜೋರಾಗಿ ಸೇರಿಸಿದರು. ಅತ್ಯಂತ ಕಡಿದಾದ ಇಳಿಜಾರಿಗೆ ಆ ಹೆಸರೆಂದು ಮೇಡಮ್ಮಿಗೆ ಗೊತ್ತಿರಲಿಲ್ಲ, ಅದರ ಮೇಲೆ ಕಾಲಿಡದ ಮೇಷ್ಟ್ರಿಗೆ ಅಷ್ಟು ಮಾತ್ರ ಗೊತ್ತಿತ್ತು.

ಅಯ್ಯೋ, ಬಾಯಿ ತಪ್ಪಿ ಬಂದೇಬಿಟ್ಟಿತು! ಇರಲಿ, ಓದುಗರಿಗೆ ಮುಚ್ಚಿಟ್ಟು ಏನಾಗಬೇಕು? ಮೇಷ್ಟ್ರು ಬ್ಲ್ಯಾಕ್ ಡೈಮಂಡ್ ಹತ್ತಿರ ಹೋಗುವುದಿರಲಿ, ಎಳೆ ಮಕ್ಕಳು ಕಲಿಯುವ ಬನ್ನಿ ಸ್ಲೋಪ್ ಎಂಬ ದಿಬ್ಬವನ್ನೂ ಹತ್ತಿರಲಿಲ್ಲ. ಮೊದಲ ದಿನ ಬೆಳಿಗ್ಗೆ, ಸಮತಟ್ಟಾದ ಜಾಗದಲ್ಲಿ, ಕಾಲಿಗೆ ಹಲಗೆಯನ್ನೂ ಕಟ್ಟದೆ, ಬರೀ ಬೂಟು ಹಾಕಿಕೊಂಡು ಸುಮ್ಮನೆ ನಿಂತಿದ್ದವರು ಇದ್ದಕ್ಕಿದ್ದಂತೆ ಬಿದ್ದರು. ಕಾಲು ಉಳುಕಿತು. ತರಬೇತುದಾರರು ಅವರನ್ನು ಎತ್ತಿ ಬೂಟುಗಳ ಕೋಣೆಯಲ್ಲಿ ಕೂರಿಸಿದರು. ಮಿಕ್ಕ ಹದಿಮೂರು ದಿನವೂ ಮೇಷ್ಟ್ರು ಅಲ್ಲಿ ಕೂತು ಬಂದವರ ಪಾದ ಅಳೆದು, ಬೂಟು ಕೊಟ್ಟು, ಪಟ್ಟಿ ಬಿಗಿದು ಕಳಿಸಿದರು. ಸಂಜೆ ಮೂಗಿನಲ್ಲಿ ಹಿಮ ತುಂಬಿಕೊಂಡು ಬಂದವರೆಲ್ಲ ತಾವು ಬಿದ್ದ ಕಥೆ ಹೇಳುವರು. ಮೇಷ್ಟ್ರು ಬೂಟಿನ ಜೊತೆಗೆ ಕಥೆಯನ್ನೂ ಕಳಚಿಟ್ಟುಕೊಳ್ಳುವರು. ಹರಿಯಾಣದ ಪೊಲೀಸನ ಬೀಳು, ಪುಣೆಯ ದಂತವೈದ್ಯೆಯ ಬೀಳು, ಎಲ್ಲವೂ ಮಧುಗಿರಿಗೆ ಬರುವಷ್ಟರಲ್ಲಿ ರಂಗೇಶ್ ಮೇಷ್ಟ್ರ ಬೀಳುಗಳಾಗಿದ್ದವು. ಲೆಕ್ಕ ಕೇಳಿದವರಿಗೆ ಹತ್ತೊಂಬತ್ತು ಎನ್ನುತ್ತಿದ್ದರು. ಹತ್ತು ತೀರಾ ಕಡಿಮೆ, ಇಪ್ಪತ್ತು ಅಂದರೆ ಅನುಮಾನ ಬರುತ್ತದೆ ಎಂಬುದು ಅವರ ಎಣಿಕೆ.

ಇಷ್ಟಕ್ಕೇ ನಿಂತಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಆದರೆ ಶುಕ್ರವಾರ ಗಂಗಾಂಬಿಕಾ ಮೇಡಂ ಒಂದು ಕಾಗದ ಹಿಡಿದು ಮೈದಾನಕ್ಕೇ ಬಂದರು. “ರಂಗೇಶ್ ಸರ್! ಬರೋ ಜನವರಿಗೆ ಹೈಸ್ಕೂಲು ಮಕ್ಕಳಿಗೂ ಸ್ಕೀಯಿಂಗ್ ಶಿಬಿರ ಮಾಡ್ತಾರಂತೆ. ನಮ್ಮ ಶಾಲೆಯಿಂದ ಹತ್ತು ಮಕ್ಕಳು. ತಂಡದ ಮುಖ್ಯಸ್ಥರು ಸ್ಕೀಯಿಂಗ್ ಬಲ್ಲ ಶಿಕ್ಷಕರೇ ಆಗಿರಬೇಕು, ಬೆಟ್ಟದ ಮೇಲೆ ಮಕ್ಕಳ ಜೊತೇಲೇ ಇರಬೇಕು ಅಂತ ಬರೆದಿದ್ದಾರೆ. ನೀವಿರುವಾಗ ಚಿಂತೆ ಏನು! ಸೋಮವಾರ ಹೆಸರು ಕಳಿಸ್ತೀನಿ. ಅಷ್ಟರೊಳಗೆ ತಂದೆ ತಾಯಿಯರ ಒಪ್ಪಿಗೆ ಪತ್ರ ತರಿಸಿಕೊಳ್ಳಿ.”

ಮೇಷ್ಟ್ರು ಕಾಗದ ಇಸಿದುಕೊಂಡು ಎರಡು ಸಲ ಓದಿದರು. ಹತ್ತು ಮಕ್ಕಳು! ಹಲಗೆ ಕಟ್ಟಿಕೊಂಡು ಆ ಇಳಿಜಾರಿನಲ್ಲಿ ಒಂದು ಮಗು ಕೈತಪ್ಪಿ ಹೋದರೆ, ಸಮತಟ್ಟು ನೆಲದಲ್ಲೇ ನಿಲ್ಲಲಾರದ ಮುಖ್ಯಸ್ಥರು ಏನು ಮಾಡಬೇಕು? ‘ಆಗಲ್ಲ ಮೇಡಂ’ ಎನ್ನಲು ಬಾಯಿ ತೆರೆದರು. ಸುತ್ತ ಮಕ್ಕಳು ನಿಂತಿದ್ದರು. ಬಾಯಿಂದ ಬಂದದ್ದು, “ಓಹ್, ಸೆಂಡ್ ಇಟ್!” ಹಿಂದೆ ಮುಂದೆ ನೋಡದೆ ಇಳಿಜಾರಿಗೆ ನುಗ್ಗುವ ಮುಂಚೆ ಸ್ಕೀಯವರು ಕೂಗುವ ಕೂಗು ಅದು. ಮೇಡಂ ಸಂತೋಷದಿಂದ ಹೋದರು. ಮೇಷ್ಟ್ರಿಗೆ ಅವತ್ತು ಊಟ ಸೇರಲಿಲ್ಲ.

ಶನಿವಾರ ಸಂಜೆ ಅವರ ತಾಯಿ ಓಬಳಮ್ಮ ಬಂದಿಳಿದರು. ಪಾವಗಡದ ಆಚೆ, ಆಂಧ್ರದ ಗಡಿಯಲ್ಲಿರುವ ತಮ್ಮ ಅಕ್ಕನ ಮನೆಯಲ್ಲಿ ಒಂದು ತಿಂಗಳಿದ್ದು ಬಂದ ಮುದುಕಿಗೆ ಮಗ ಹಿಮಾಲಯಕ್ಕೆ ಹೋಗಿದ್ದೇ ದೊಡ್ಡ ಸುದ್ದಿ. ಮಗನನ್ನು ಮುಂದೆ ಕೂರಿಸಿಕೊಂಡು ಕೇಳಿದರು. “ಅಲ್ಲೇನ್ ಮಾಡ್ದೆ ಮಗ?”

ಕೇಳುವವರು ಸಿಕ್ಕರೆ ಮೇಷ್ಟ್ರಿಗೆ ಚಿಂತೆಯೂ ಮರೆಯುತ್ತದೆ. “ಹತ್ತೊಂಬತ್ತು ವೈಪ್‌ಔಟ್ ಕಣಮ್ಮ!” ಎಂದು ಎದೆ ಸೆಟೆಸಿದರು.

“ಅಂಗಂದ್ರೇನ್ಲಾ?”

ಇಡೀ ತಾಲ್ಲೂಕಿನಲ್ಲಿ ಅರ್ಥ ಕೇಳಿದ ಮೊದಲ ಮನುಷ್ಯೆ! ಗೇಪರ್ ಅನ್ನಿಸಿಕೊಳ್ಳುವ ಭಯ ಓಬಳಮ್ಮನಿಗೆ ಎಲ್ಲಿಂದ ಬರಬೇಕು? ಮೇಷ್ಟ್ರು ಉತ್ಸಾಹದಿಂದ ವಿವರಿಸಿದರು. “ಜೋರಾಗಿ ಬರ್ತಾ ಬರ್ತಾ ಹಲಗೆ ತಪ್ಪಿ ಉರುಳಿ ಬೀಳೋದು. ಅದ್ರಲ್ಲೂ ಥರಾವರಿ ಇದೆ. ಮುಖ ಅಡಿಯಾಗಿ ಹಿಮದೊಳಕ್ಕೆ ನಾಟಿಕೊಂಡ್ರೆ ಫೇಸ್‌ಪ್ಲಾಂಟ್. ಬಿದ್ದ ಹೊಡೆತಕ್ಕೆ ಹಲಗೆ ಒಂದ್ಕಡೆ, ಕೋಲು ಒಂದ್ಕಡೆ, ಟೋಪಿ ಒಂದ್ಕಡೆ ಹರಡಿಹೋದ್ರೆ ಯಾರ್ಡ್ ಸೇಲ್.”

ಓಬಳಮ್ಮನ ಕೈಯಲ್ಲಿದ್ದ ಎಲೆ ಅಡಿಕೆ ಅಲ್ಲೇ ನಿಂತಿತು. “ಹತ್ತೊಂಬತ್ತ್ ಸತಿ ಬಿದ್ಬುಟ್ಯೇನ್ಲಾ? ಗೊತ್ತಿಲ್ದಿರೋ ಜಾಗದಾಗೆ?”

“ಬಿದ್ದೆ ಅಂದ್ರೆ ಅದೇ ಅಲ್ಲಿ ಹೆಮ್ಮೆ ಕಣಮ್ಮ!”

“ಹೆಮ್ಮೆ ಮನೆ ಹಾಳಾಗ! ಬಿದ್ ಕಡೆಯಿಂದ ಮಣ್ ತಂದ್ಯಾ?”

ಆ ಮನೆಯಲ್ಲಿ ಮಗು ಹೊರಗೆಲ್ಲಾದರೂ ಬಿದ್ದು ಹೆದರಿಕೊಂಡು ಬಂದರೆ, ಬಿದ್ದ ಜಾಗದ ಒಂದು ಚಿಟಿಕೆ ಮಣ್ಣು ತಂದು, ತಂಬಿಗೆ ನೀರಿಗೆ ಹಾಕಿ, ಮೂರು ಸಲ ನಿವಾಳಿಸಿ, ಮೂರು ದಾರಿ ಕೂಡುವಲ್ಲಿ ಚೆಲ್ಲಬೇಕು. ಇಲ್ಲದಿದ್ದರೆ ದಿಗಿಲು ಅಲ್ಲೇ ನಿಂತಿರುತ್ತದೆ, ಮಗು ಮನೆಗೆ ಬಂದರೂ ಅನ್ನ ಮೈಗೆ ಹತ್ತುವುದಿಲ್ಲ. ಮಗುವಿಗೆ ಮೂವತ್ತೆಂಟು ವರ್ಷ, ಹೊಟ್ಟೆ ಸ್ವಲ್ಪ ಮುಂದೆ ಬಂದಿದೆ ಎಂಬುದು ಓಬಳಮ್ಮನಿಗೆ ಲೆಕ್ಕಕ್ಕಿಲ್ಲ.

“ಎಲ್ಡ್ ದಿನದಿಂದ ಊಟ ಸೇರ್ತಿಲ್ಲ ಅಂತ ಅನುಷಾ ಅಂದ್ಲು. ಸೇರ್ತದಾ ಮತ್ತೆ? ಹತ್ತೊಂಬತ್ತ್ ಕಡೆ ದಿಗಿಲು ಬುಟ್ಟು ಬಂದವ್ನೆ!” ಎಂದು ಆಕೆ ಅಳುವುದಕ್ಕೇ ಶುರುಮಾಡಿದರು.

“ಅಲ್ಲಿ ಮಣ್ಣಿಲ್ಲಮ್ಮ. ಬರೀ ಹಿಮ.”

“ಅಂಗಾರೆ ಹಿಮಾನೇ ತರ್ಸು!”

ಬಾಗಿಲಿಗೆ ಒರಗಿ ನಿಂತಿದ್ದ ಅನುಷಾಗೆ ಹದಿನೈದು ದಿನದಿಂದ ಕೇಳಿದ ಬ್ಲೂಬರ್ಡು, ಪೌಡರುಗಳೆಲ್ಲ ನೆನಪಾದವು. ತೀರಾ ಸಾಧುವಾದ ದನಿಯಲ್ಲಿ ಹೇಳಿದರು. “ಅದಕ್ಕೆ ಅಷ್ಟು ದೂರ ಯಾಕೆ ಹೋಗ್ಬೇಕು ಅತ್ತೆ? ನಮ್ಮ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಗೋಡೆ ಕಟ್ಟಿದೆಯಲ್ಲ, ಅದೂ ಹಿಮಾನೇ!”

ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ಇಡೀ ಬೀದಿಯ ಫ್ರಿಜ್ಜುಗಳು ಬಾಯ್ತೆರೆದವು. ಓಬಳಮ್ಮ ಮನೆಮನೆಗೆ ಹೋಗಿ ಮಗನ ಸ್ಥಿತಿ ಹೇಳಿಕೊಂಡರೆ ಯಾರು ಇಲ್ಲವೆನ್ನುತ್ತಾರೆ? ಹತ್ತೊಂಬತ್ತು ಮನೆಯ ಹೆಂಗಸರು ದೋಸೆ ಮಗುಚುವ ಕೈಯಲ್ಲಿ ಕೆರೆದು ಕೆರೆದು ಸ್ಟೀಲ್ ಡಬ್ಬಿಗಳಲ್ಲಿ ಹಿಮ ತಂದರು. ಒಂದು ಡಬ್ಬಿಯ ಹಿಮದಲ್ಲಿ ಬಟಾಣಿ ಸಿಕ್ಕಿಕೊಂಡಿತ್ತು. ಇನ್ನೊಂದಕ್ಕೆ ಮೀನಿನ ವಾಸನೆ.

ಶಾಸ್ತ್ರ ನಡೆಸಿಕೊಡಲು ಎದುರುಮನೆಯ ಚೌಡಯ್ಯ ಬಂದರು. ಬಸ್ ಡಿಪೋದಲ್ಲಿ ಮೂವತ್ತು ವರ್ಷ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ದಿಗಿಲು ತೆಗೆಯುವ ಶಾಸ್ತ್ರದಲ್ಲೂ ಅವರದು ಡಿಪೋದ ಶಿಸ್ತೇ. ಬೀದಿಯ ತುದಿಯಲ್ಲಿ, ಮೂರು ದಾರಿ ಕೂಡುವಲ್ಲಿ, ಹತ್ತೊಂಬತ್ತು ಮುತ್ತುಗದ ಎಲೆ ಸಾಲಾಗಿ ಇಡಿಸಿ, ಒಂದೊಂದರ ಮೇಲೆ ಒಂದೊಂದು ಹಿಡಿ ಹಿಮ ಹಾಕಿಸಿದರು. ಆಮೇಲೆ ಮೇಷ್ಟ್ರ ಕಡೆ ತಿರುಗಿದರು.

“ಸರಿ, ಬೀಳಪ್ಪ.”

“ಏನು?”

“ಬೀಳು ಅಂದೆ. ಅಲ್ಲಿ ಹೆಂಗ್ ಬಿದ್ದಿದ್ಯೋ ಇಲ್ಲೂ ಅಂಗೇ ಬೀಳ್ಬೇಕು. ಮುಂದ್ಗಡೆ ಹೊಡ್ತಾನೋ, ಹಿಂದ್ಗಡೆ ಹೊಡ್ತಾನೋ, ಸೈಡ್ ಹೊಡ್ತಾನೋ? ಬಿದ್ದ ಭಂಗಿ ಸರಿಯಾಗಿ ಸಿಕ್ಕಿದ್ರೆ ತಾನೆ ದಿಗಿಲು ಗುರ್ತು ಹಿಡ್ಕೊಂಡು ಬರೋದು? ಹೆಸ್ರು ಹೇಳಿ ಬೀಳು.”

ಮೇಷ್ಟ್ರು ತಾಯಿಯ ಮುಖ ನೋಡಿದರು. ಆಕೆ ತಂಬಿಗೆ ಹಿಡಿದು, ಕಣ್ಣು ಒರೆಸಿಕೊಳ್ಳುತ್ತ, ನೆಟ್ಟ ನೋಟದಿಂದ ಕಾಯುತ್ತಿದ್ದರು. ಹೆಂಡತಿಯ ಮುಖ ನೋಡಿದರು. ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಆಕಾಶ ನೋಡುತ್ತಿದ್ದರು. ಮಾರ್ಚ್ ತಿಂಗಳ ಬಿಸಿಲು ಏರುತ್ತಿತ್ತು, ಎಲೆಗಳ ಮೇಲೆ ಹಿಮ ಬೆವರತೊಡಗಿತ್ತು.

“ಬೇಗ, ಬೇಗ! ಕರಗೋಯ್ತದೆ!” ಎಂದು ಜಗಲಿಯ ಮೇಲಿನ ಹೆಂಗಸರು ಕೂಗಿದರು.

“ವೈಪ್‌ಔಟ್,” ಎಂದು ಕ್ಷೀಣವಾಗಿ ನುಡಿದು ಮೇಷ್ಟ್ರು ಮೆಲ್ಲಗೆ ಮೊಣಕಾಲೂರಿ ಪಕ್ಕಕ್ಕೆ ಒರಗಿದರು.

“ಇದು ಮಲ್ಕೊಂಡಿದ್ದು. ಬಿದ್ದಿದ್ದಲ್ಲ,” ಎಂದರು ಚೌಡಯ್ಯ. “ಇನ್ನೊಂದ್ ಸತಿ!”

ಎರಡನೆಯ ಸಲ ಸರಿಯಾಗಿಯೇ ಬಿದ್ದರು. ಓಬಳಮ್ಮ ಮೂರು ಸುತ್ತು ನಿವಾಳಿಸಿ ನೀರು ಚಿಮುಕಿಸಿದರು. ಒಂದು! ಮುಂದಿನದು ಫೇಸ್‌ಪ್ಲಾಂಟ್. ಮೂಗು ನೇರವಾಗಿ ಮೀನಿನ ಹಿಮದೊಳಕ್ಕೆ ಹೋಯಿತು. ಮೂರನೆಯದು ಬೆನ್ನ ಮೇಲೆ. ನಾಲ್ಕನೆಯದು ಯಾರ್ಡ್ ಸೇಲ್. “ಸಾಮಾನೆಲ್ಲ ದಿಕ್ಕಾಪಾಲಾಗ್ಬೇಕು ಅಂತ ನೀನೇ ಅಂದ್ಯಂತಲ್ಲಪ್ಪ?” ಎಂದು ಚೌಡಯ್ಯ ನಿಯಮ ನೆನಪಿಸಿದ್ದರಿಂದ ಮೇಷ್ಟ್ರು ಬೀಳುತ್ತ ಬೀಳುತ್ತಲೇ ಚಪ್ಪಲಿ ಒಂದು ಕಡೆ, ಕನ್ನಡಕ ಒಂದು ಕಡೆ, ಟವೆಲ್ ಒಂದು ಕಡೆ ಎಸೆಯಬೇಕಾಯಿತು. ಒಂಟಿ ಚಪ್ಪಲಿಯನ್ನು ಬೀದಿನಾಯಿ ಕಚ್ಚಿಕೊಂಡು ಓಡಿತು. ಅದನ್ನು ತರಲು ನಾಲ್ಕು ಜನ ಓಡಿದರು. ಸ್ಕೀಯಿಂಗ್ ಇತಿಹಾಸದಲ್ಲಿ ಇಷ್ಟು ಪರಿಪೂರ್ಣವಾದ ಯಾರ್ಡ್ ಸೇಲ್ ಎಂದೂ ನಡೆದಿರಲಾರದು!

ಏಳನೆಯ ಬೀಳಿಗೆ ಮೊಣಕಾಲು ತರಚಿತು, ಮೊಣಕೈ ಊದಿತು. ಎಂಟನೆಯ ಹಿಮ ಆಗಲೇ ಅರ್ಧ ನೀರು.

“ಇನ್ನು ಹನ್ನೆರಡೇ, ಧೈರ್ಯ ತಗಳಪ್ಪ,” ಎಂದರು ಚೌಡಯ್ಯ.

ನಿಜ ಹೇಳಿಬಿಡಲೇ ಎಂದು ಮೇಷ್ಟ್ರಿಗೆ ಅನ್ನಿಸಿತು. ಒಂದೇ ಮಾತು, ಹನ್ನೆರಡು ಬೀಳು ಉಳಿಯುತ್ತದೆ. ಆದರೆ ಆ ಒಂದು ಮಾತಿಗೆ ಗೇಪರು, ಶ್ರೆಡ್ಡು, ಸಿಬ್ಬಂದಿ ಕೊಠಡಿಯ ಮರ್ಯಾದೆ, ಎಲ್ಲವೂ ಈ ಮುತ್ತುಗದ ಎಲೆಯ ಮೇಲೆ ಕರಗಿಹೋಗುತ್ತದೆ. ಬೇಡ! ಮೂಳೆ ಮುರಿದರೆ ಕೂಡಿಸಬಹುದು ಎಂದುಕೊಂಡು ಎಂಟನೆಯದಕ್ಕೆ ಸಿದ್ಧರಾದರು.

ಆಗಲೇ ಒಂದು ಮೊಪೆಡ್ ಬಂದು ನಿಂತಿತು. ದೊಡ್ಡೇರಿಯ ದೊಡ್ಡರಂಗಪ್ಪ, ಹಿಂದೆ ಅವರ ಮಗಳು ಒಂಬತ್ತನೇ ಕ್ಲಾಸಿನ ತೇಜಸ್ವಿನಿ. ಮೇಡಂ ಬರೆದ ಹತ್ತು ಹೆಸರುಗಳಲ್ಲಿ ಮೊದಲನೆಯದು ಇವಳದೇ. ದೊಡ್ಡರಂಗಪ್ಪನ ಕೈಯಲ್ಲಿ ಒಪ್ಪಿಗೆ ಪತ್ರವಿತ್ತು.

“ಇದೇನ್ ಸಾ, ಹಿಂಗೆ?” ಎಂದು ಅವರು ಗಾಬರಿಯಾದರು. ಓಬಳಮ್ಮ ಅಳುತ್ತಲೇ ಎಲ್ಲವನ್ನೂ ವಿವರಿಸಿದರು. ಹತ್ತೊಂಬತ್ತು ಸಲ ಅಂತೆ. ಒಂದು ಸಲ ಮುಖವೇ ಹೂತುಹೋಗಿತ್ತಂತೆ.

ದೊಡ್ಡರಂಗಪ್ಪ ಮೊಪೆಡ್ಡಿಗೆ ಸ್ಟ್ಯಾಂಡ್ ಹಾಕಿದರು. ಮಗಳನ್ನು ನೋಡಿದರು. ಮೇಷ್ಟ್ರ ತರಚಿದ ಮೊಣಕಾಲು ನೋಡಿದರು. ಆಮೇಲೆ ಜೇಬಿನಿಂದ ಪೆನ್ನು ತೆಗೆದರು.

“ಸಾ, ನಿಜ ಯೋಳ್ತೀನಿ. ರಾತ್ರಿಯೆಲ್ಲ ನಿದ್ದೆ ಇಲ್ಲ. ಒಬ್ಳೇ ಮಗಳು. ಹಿಮ ಅಂದ್ರೆ ಹೆಂಗಿರ್ತದೋ ನಂಗೊತ್ತಿಲ್ಲ. ಆದ್ರೆ ನೀವ್ ಗೊತ್ತು. ಹತ್ತೊಂಬತ್ತ್ ಸತಿ ಬಿದ್ದು ಎದ್ದು ಬಂದಿರೋರು ನನ್ ಮಗಳ ಕೈ ಬುಡ್ತೀರಾ? ನಿಮ್ ಕೈಗೆ ಕೊಟ್ಟೆ ಸಾ.” ಪತ್ರವನ್ನು ಮೊಪೆಡ್ ಸೀಟಿನ ಮೇಲೆ ಹರವಿ, ಓದದೆಯೇ, ಸಹಿ ಹಾಕಲು ಬಗ್ಗಿದರು.

ಮೇಷ್ಟ್ರು ಕುಂಟುತ್ತ ಮೊಪೆಡ್ಡಿನ ಕಡೆಗೆ ಓಡಿದರು. ಇಷ್ಟು ಹೊತ್ತು ಬಿದ್ದದ್ದು ಬೀಳೇ ಅಲ್ಲ, ನಿಜವಾದ ಇಳಿಜಾರು ಈಗ ಕಾಲ ಕೆಳಗೆ ತೆರೆದುಕೊಂಡಿತ್ತು.

“ನಿಲ್ಸಿ! ಸಹಿ ಹಾಕ್ಬೇಡಿ!” ಎಂದು ಕೂಗಿಬಿಟ್ಟರು. “ನನಗೆ ಸ್ಕೀ ಮಾಡೋಕೆ ಬರಲ್ಲ!”

ಜಗಲಿಯ ಹೆಂಗಸರು ಎದ್ದು ನಿಂತರು. ನಾಯಿ ಕೂಡ ಚಪ್ಪಲಿ ಕೆಳಗಿಟ್ಟಿತು.

“ಬರಲ್ಲ ಅಂದ್ರೆ?” ಎಂದರು ದೊಡ್ಡರಂಗಪ್ಪ.

“ಬರಲ್ಲ ಅಂದ್ರೆ ಬರಲ್ಲ. ಹಲಗೆ ಕಾಲಿಗೆ ಕಟ್ಟೇ ಇಲ್ಲ. ಹದಿಮೂರು ದಿನ ಬೂಟಿನ ಕೋಣೇಲಿ ಕೂತು ಬೇರೆಯವರಿಗೆ ಬೂಟು ಹಾಕಿ ಕಳಿಸ್ತಿದ್ದೆ. ಈ ಬೀಳುಗಳೆಲ್ಲ ಬೇರೆಯವರದ್ದು. ನಾನು ಬಿದ್ದಿದ್ದು ಒಂದೇ ಸಲ.” ಮೇಷ್ಟ್ರು ತಲೆ ತಗ್ಗಿಸಿದರು. “ಅದೂ, ನಿಂತಿದ್ದಾಗ.”

“ನಿಂತಿದ್ದಾಗ?” ಚೌಡಯ್ಯನ ಮೆಕ್ಯಾನಿಕ್ ಬುದ್ಧಿಗೆ ಇದು ಹಿಡಿಸಲಿಲ್ಲ. “ಗಾಡಿ ಸ್ಟಾರ್ಟೇ ಆಗಿರ್ಲಿಲ್ವಾ?”

“ಇಲ್ಲ ಚೌಡಯ್ಯಣ್ಣ.”

“ಮೊದ್ಲೇ ಹೇಳೋಕೇನಾಗಿತ್ತಪ್ಪ? ಹದಿನೆಂಟ್ ಮನೆ ಹಿಮ ದಂಡ!”

ಇನ್ನು ನಗೆಯ ಅಲೆ ಏಳುತ್ತದೆ ಎಂದು ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಎದ್ದದ್ದು ನಿಟ್ಟುಸಿರು. ದೊಡ್ಡರಂಗಪ್ಪ ಪೆನ್ನಿಗೆ ಮುಚ್ಚಳ ಹಾಕಿ, “ಸದ್ಯ!” ಎಂದು ಮೊಪೆಡ್ಡಿಗೆ ಒರಗಿ ಕೂತೇಬಿಟ್ಟರು. “ಸದ್ಯ ಯೋಳಿದ್ರಿ ಸಾ! ಬೇರೆಯೋರಾಗಿದ್ರೆ ಮಗೀನ ಕರ್ಕೊಂಡೋಗಿ ಆಮೇಲೆ ಯೋಳ್ತಿದ್ರು.” ಜಗಲಿಯ ಹೆಂಗಸರೂ, “ಸದ್ಯ ಕಣಮ್ಮ, ಮೇಷ್ಟ್ರಿಗೇನೂ ಆಗಿಲ್ವಂತೆ,” ಎಂದು ಖಾಲಿ ಡಬ್ಬಿ ಎತ್ತಿಕೊಂಡರು.

ತೇಜಸ್ವಿನಿ ಮಾತ್ರ ಮೆಲ್ಲಗೆ ಹತ್ತಿರ ಬಂದಳು. “ಸರ್, ಹಂಗಾದ್ರೆ ಈಗ ಕೇಳಬಹುದಾ? ಪಿಜ್ಜಾ ಅಂದ್ರೇನು ಸರ್?”

ಹದಿನೈದು ದಿನದಿಂದ ಅವಳ ಹೊಟ್ಟೆಯಲ್ಲಿದ್ದ ಪ್ರಶ್ನೆ ಅದು. ಮೇಷ್ಟ್ರು ರಸ್ತೆಯಲ್ಲೇ ಪಾದಗಳ ತುದಿ ಕೂಡಿಸಿ ತೋರಿಸಿದರು. “ಹಿಂಗೆ ಕಣಮ್ಮ. ಹಿಂಗೆ ಇಟ್ಟರೆ ನಿಲ್ಲಬಹುದಂತೆ. ಕೇಳಿದ್ದು ಅಷ್ಟೇ, ಮಾಡಿ ನೋಡಿಲ್ಲ. ಅಲ್ಲಿ ಕಲಿಸೋರು ಮಾತ್ರ ತುಂಬಾ ಒಳ್ಳೆಯವರು. ಹೋಗೋ ಹಾಗಿದ್ರೆ ಬೂಟು ಹೇಗೆ ಬಿಗೀಬೇಕು ಅಂತ ನಾನು ಹೇಳಿಕೊಡ್ತೀನಿ. ಹಿಮ್ಮಡಿ ಅಲ್ಲಾಡಬಾರದು, ಬೆರಳು ಮಾತ್ರ ಆಡಬೇಕು. ಇದು ನನಗೆ ನಿಜವಾಗಿ ಗೊತ್ತು. ಇನ್ನೂರು ಜೊತೆ ಕಾಲಿಗೆ ಹಾಕಿದೀನಿ.” ಹೀಗೆ ಹೇಳುವಾಗ ಅವರ ದನಿಯಲ್ಲಿ ಜಂಬವಿರಲಿಲ್ಲ, ಆದ್ದರಿಂದಲೋ ಏನೋ ದೊಡ್ಡರಂಗಪ್ಪ ಮೊದಲ ಸಲ ಕಿವಿಗೊಟ್ಟು ಕೇಳಿದರು.

ಮಿಕ್ಕ ಧೈರ್ಯ ಆರಿಹೋಗುವ ಮುಂಚೆ ಮೇಷ್ಟ್ರು ಗಂಗಾಂಬಿಕಾ ಮೇಡಮ್ಮಿಗೆ ಫೋನು ಮಾಡಿದರು. ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದರು.

“ಸದ್ಯ!” ಎಂದರು ಮೇಡಂ. “ರಂಗೇಶ್ ಸರ್, ನಿಮ್ಮ ಮಾತು ನನಗೆ ಒಂದಕ್ಷರ ಅರ್ಥವಾಗ್ತಿರಲಿಲ್ಲ. ಕೇಳೋಕೆ ನಾಚಿಕೆ. ಮಕ್ಕಳನ್ನ ಕಳಿಸೋಕೆ ಭಯ, ಕಳಿಸಲ್ಲ ಅನ್ನೋಕೂ ಭಯ. ಶಿರಾ ಕಡೆ ಸ್ಕೂಲಿನಲ್ಲಿ ಒಬ್ಬರು ಪಿ.ಟಿ. ಮೇಡಂ ಇದ್ದಾರೆ. ಮೂರು ವರ್ಷ ಹೋಗಿ ಪೂರ್ತಿ ಕಲಿತು ಬಂದಿದ್ದಾರಂತೆ. ನಮ್ಮ ಮಕ್ಕಳನ್ನೂ ಜೊತೆಗೆ ಕರ್ಕೊಂಡು ಹೋಗ್ತೀನಿ ಅಂತ ಅವರೇ ಫೋನು ಮಾಡಿದ್ದರು.”

“ಮತ್ತೆ ಅವರಿಗೇ ಯಾಕೆ ಹೇಳಲಿಲ್ಲ ಮೇಡಂ?”

“ಅವರು ನಿಮ್ಮ ಹಾಗೆ ಮಾತೇ ಆಡಲಿಲ್ಲ ಸರ್. ‘ಬೀಳದ ಹಾಗೆ ನೋಡಿಕೊಳ್ತೀನಿ’ ಅಂತ ಕನ್ನಡದಲ್ಲಿ ಅಂದರು ಅಷ್ಟೇ. ಏನೂ ಬರಲ್ಲವೇನೋ ಅಂದುಕೊಂಡೆ!”

ಮೇಷ್ಟ್ರು ಫೋನಿಟ್ಟರು. ಸುದ್ದಿ ಕೇಳಿ ದೊಡ್ಡರಂಗಪ್ಪ ಮತ್ತೆ ಪೆನ್ನು ತೆಗೆದು, ಈ ಸಲ ಪತ್ರವನ್ನು ಮೇಲಿಂದ ಕೆಳಗಿನವರೆಗೆ ಓದಿ, ಮಗಳಿಂದಲೂ ಒಮ್ಮೆ ಓದಿಸಿ, ದಪ್ಪಕ್ಷರದಲ್ಲಿ ಸಹಿ ಹಾಕಿದರು.

ಎದೆಯ ಮೇಲಿಂದ ಕಲ್ಲುಚಪ್ಪಡಿ ಇಳಿಸಿದಂತೆ ಮೇಷ್ಟ್ರಿಗೆ ಹಗುರವಾಯಿತು. ಮರ್ಯಾದೆ ಹೋಗಿತ್ತು ನಿಜ. ಆದರೆ ಅದು ಇಷ್ಟು ಭಾರವಿತ್ತೆಂದು ಹೋದ ಮೇಲೆಯೇ ಗೊತ್ತಾದದ್ದು. ಇನ್ನು ತಾಯಿಯೊಬ್ಬರಿಗೆ ಮುಖ ತೋರಿಸುವುದು ಉಳಿದಿತ್ತು. ಹೆತ್ತವಳೆದುರು, ಇಡೀ ಬೀದಿಯೆದುರು ಸುಳ್ಳನಾದ ಮಗ!

ತಿರುಗಿ ನೋಡಿದರೆ ಓಬಳಮ್ಮನ ಮುಖ ಅರಳಿತ್ತು. “ಒಂದೇ ಸತೀನಾ ಮಗ? ನಿಜ್ವಾಗ್ಲೂ ಒಂದೇ ಸತೀನಾ? ನನ್ ಕಂದ!” ಎಂದು ಮಗನ ಎರಡೂ ಕೆನ್ನೆ ಸವರಿ ಲಟಿಕೆ ಮುರಿದರು. ಆಮೇಲೆ ಸೊಂಟದಲ್ಲಿ ಸಿಕ್ಕಿಸಿದ್ದ ಫೋನು ತೆಗೆದು ಪಾವಗಡದಾಚೆಯ ಅಕ್ಕನಿಗೆ ಅಲ್ಲಿಂದಲೇ ಸುದ್ದಿ ಮುಟ್ಟಿಸಿದರು. ಬೀದಿಯ ಮೂರೂ ಕವಲಿಗೆ ಕೇಳುವಂಥ ಗಂಟಲು! “ಅಕ್ಕಾ! ಮಾ ವಾಡು ಅಕ್ಕಡ ಏಮೀ ಚೇಯಲೇದಂಟ! ಹೂಂ, ಏನೇನೂ ಮಾಡಿಲ್ವಂತೆ! ಬರೀ ಬೂಟ್ ಕೊಟ್ಕೊಂಡು ಕುಂತಿದ್ನಂತೆ! ಸುಮ್ಕೆ ನಿಂತಿದ್ದಾಗ ಒಂದ್ಕಿತ ಬಿದ್ನಂತೆ ಅಷ್ಟೇ!”

ಮಧ್ಯಾಹ್ನ ಪಾಯಸ ಮಾಡಿಸಿದರು. ಹಿಮ ಕೊಟ್ಟ ಒಂದೊಂದು ಮನೆಗೂ ಬಟ್ಟಲು ಹಿಡಿದು ಹೊರಟರು. ಹಿಂದೆ ಕುಂಟುತ್ತ ಪಾತ್ರೆ ಹೊತ್ತ ಮೇಷ್ಟ್ರು. ಪ್ರತಿ ಬಾಗಿಲಲ್ಲೂ ನಿಂತು ಓಬಳಮ್ಮ, “ತಗಳಮ್ಮ, ನನ್ ಮಗ ಅಲ್ಲಿ ಏನೇನೂ ಮಾಡ್ಲಿಲ್ಲ!” ಎಂದು ಸಂಭ್ರಮದಿಂದ ಸಾರುವರು. ಬಟಾಣಿ ಹಿಮ ಕೊಟ್ಟಿದ್ದ ಮನೆಯಾಕೆ, “ಒಳ್ಳೇದಾಯ್ತು ಬಿಡಿ,” ಎಂದು ಮೇಷ್ಟ್ರಿಗೇ ಅಭಿನಂದನೆ ಹೇಳಿದರು. ಹತ್ತೊಂಬತ್ತು ಮನೆ! ಒಂದನ್ನೂ ಬಿಡಲಿಲ್ಲ.

ಮನೆಗೆ ಬಂದು ಮೇಷ್ಟ್ರು ಎಲೆಯ ಮುಂದೆ ಕೂತರು. ಎರಡು ದಿನದ ಹಸಿವೆಲ್ಲ ಒಟ್ಟಿಗೆ ಬಂದಿತ್ತು. ಮೂರನೆಯ ಸಲ ಅನ್ನ ಹಾಕಿಸಿಕೊಂಡರು. ಓಬಳಮ್ಮ ಪಕ್ಕದಲ್ಲಿ ಕೂತು ಮಗನ ತಲೆ ನೇವರಿಸಿದರು.

“ತಿನ್ನು ಮಗ. ಇನ್ ಮುಂದೆ ಎಲ್ಗೇ ಕಳ್ಸಿದ್ರೂ ಇಂಗೇ ಇರಪ್ಪ. ಏನೂ ಮಾಡ್ಬ್ಯಾಡ!”

ಅನುಷಾ ಸಾರಿನ ಸೌಟು ಹಿಡಿದು ಒಳಗಿಂದ ಬಂದರು. “ಅದಕ್ಕೆ ಅವರನ್ನ ಎಲ್ಲಿಗೂ ಕಳಿಸೋದು ಬೇಡ ಅತ್ತೆ. ಮದುವೆ ಆದಾಗಿಂದ ಮನೇಲೇ ಅಭ್ಯಾಸ ಮಾಡ್ತಿದಾರೆ.”